ಮೂರರಲ್ಲಿ ಒಂದು ಬಿದ್ದರೂ ಸಾಕು

ದೊಡ್ಡಳಿಯನಿಗೆ ಹೊಟ್ಟೆಕಿಚ್ಚು ಎಂದು ಬೀದಿಯಲ್ಲಿ ಯಾರಾದರೂ ಹೇಳಿದ್ದರೆ ಅದು ಶುದ್ಧ ಅಪಪ್ರಚಾರ. ಅವನಿಗಿದ್ದದ್ದು ನ್ಯಾಯದ ಕಾಳಜಿ. ಆ ಕಾಳಜಿ ಚಿಕ್ಕಳಿಯ ಎದುರಿಗೆ ಬಂದಾಗ ಮಾತ್ರ ನಿದ್ದೆಯಿಂದ ಏಳುತ್ತಿತ್ತು ಎಂಬುದು ಬರೀ ಕಾಕತಾಳೀಯ.

ಷಡ್ಡಕರಿಬ್ಬರೂ ಮಾವನ ಕಟ್ಟಡದಲ್ಲೇ ಇದ್ದರು. ನೆಲಮಹಡಿಯ ಎಡಭಾಗದಲ್ಲಿ ದೊಡ್ಡಳಿಯನ ಸಂಸಾರ, ಬಲಭಾಗದಲ್ಲಿ ಚಿಕ್ಕಳಿಯನದು. ಅಂಗಳದಾಚೆಯ ಪುಟ್ಟ ಮನೆಯಲ್ಲಿ ಅತ್ತೆ, ಮಾವ. ಮೇಲಿನ ಮಹಡಿಯಲ್ಲಿ ಬಾಡಿಗೆಯವರು. ದೊಡ್ಡಳಿಯ ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷಿಸುತ್ತಿದ್ದ. ಚಿಕ್ಕಳಿಯ ಲಿಫ್ಟ್ ರಿಪೇರಿಯವನು. ಒಬ್ಬ ಮನುಷ್ಯ ಮೇಲೇರುವುದನ್ನೇ ಉದ್ಯೋಗ ಮಾಡಿಕೊಂಡಿದ್ದಾನೆ ಎಂದರೆ ಅವನ ಉದ್ದೇಶ ಏನಿರಬಹುದು ಎಂದು ದೊಡ್ಡಳಿಯ ಮೊದಲ ದಿನದಿಂದಲೇ ಯೋಚಿಸುತ್ತಿದ್ದ.

ಮಾವ ಒಂದು ಕಾಲದಲ್ಲಿ ಫುಟ್‌ಬಾಲ್ ರೆಫ್ರಿ. ಅವರು ಮೈದಾನ ಬಿಟ್ಟು ಬಹಳ ಕಾಲವಾಗಿದ್ದರೂ ಸೀಟಿ ಅವರ ಕೊರಳು ಬಿಟ್ಟಿರಲಿಲ್ಲ. ಮನೆಯಲ್ಲಿ ಯಾವುದೇ ತಕರಾರು ಎದ್ದರೂ ಅವರು ಅಂಗಳದ ನಡುವೆ ನಿಂತು ಸೀಟಿ ಊದಿ, ಜೇಬಿನಿಂದ ನಾಣ್ಯ ತೆಗೆದು ಚಿಮ್ಮುತ್ತಿದ್ದರು. ಹೆಡ್ ಬಿದ್ದರೆ ದೊಡ್ಡಳಿಯ, ಟೇಲ್ ಬಿದ್ದರೆ ಚಿಕ್ಕಳಿಯ. ಮದುವೆಯಾದಾಗಿನಿಂದ ಇದೇ ಕಾನೂನು.

ಈ ಕಾನೂನಿನ ಪ್ರಕಾರ ದೊಡ್ಡಳಿಯ ಇಲ್ಲಿಯವರೆಗೆ ಐದು ಸಲ ಸೋತಿದ್ದ. ನೆಲಮಹಡಿಯ ಯಾವ ಭಾಗ ಯಾರಿಗೆ ಎಂಬ ಮೊದಲ ಟಾಸಿನಲ್ಲೇ ಬೆಳಕಿನ ಕಡೆ ಚಿಕ್ಕಳಿಯನಿಗೆ ಹೋಗಿತ್ತು. ಪಕ್ಕದ ಗೋಡೌನಿನ ಗೋಡೆಗೆ ಮುಖ ಮಾಡಿದ ಕಡೆ ದೊಡ್ಡಳಿಯನ ಪಾಲಿಗೆ ಬಂದಿತ್ತು. ನೆರಳಿನಲ್ಲಿ ಸ್ಕೂಟರ್ ನಿಲ್ಲಿಸುವ ಜಾಗ, ಮಾವನ ಹಳೇ ಆರಾಮಕುರ್ಚಿ, ಬೆಳಗಿನ ಬಿಸಿನೀರಿನ ಮೊದಲ ಸರದಿ, ಎಲ್ಲವೂ ಅದೇ ದಾರಿ ಹಿಡಿದವು. ಕೊನೆಗೆ ಅತ್ತೆ ಮಾವನ ಜೊತೆ ತೆಗೆಸಿಕೊಂಡ ಫೋಟೋದಲ್ಲಿ ಕೂರುವ ಕುರ್ಚಿಯೂ ಚಿಕ್ಕಳಿಯನಿಗೇ ಹೋಗಿ, ಹಿಂದೆ ನಿಂತ ದೊಡ್ಡಳಿಯನ ಅರ್ಧ ಮುಖ ಮಾತ್ರ ಬಂದಿತ್ತು.

ಹೀಗಿರುವಾಗ ಮೇಲಿನ ಬಾಡಿಗೆಯವರು ಮನೆ ಖಾಲಿ ಮಾಡಿದರು. ಮಾವ ಸೀಟಿ ಊದಿ ಎಲ್ಲರನ್ನೂ ಸೇರಿಸಿದರು.

"ಮೇಲ್ಗಡೆ ಮನೆ ಇನ್ನು ಬಾಡಿಗೆಗೆ ಕೊಡಲ್ಲ. ನಿಮ್ಮಲ್ಲೊಬ್ರು ಹೋಗಿ. ಭಾನುವಾರ ಟಾಸ್."

ನಾಲ್ಕು ಕೋಣೆ, ಉದ್ದದ ಬಾಲ್ಕನಿ, ಮೂರು ಕಡೆ ಕಿಟಕಿ. ದೊಡ್ಡಳಿಯನ ಹೆಂಡತಿ ಅವತ್ತು ಒದ್ದೆ ಬಟ್ಟೆಯನ್ನು ಅಡುಗೆಮನೆಯ ಹಗ್ಗದ ಮೇಲೆ ಹರವುತ್ತಾ ಹೇಳಿದಳು:

"ಬಿಸಿಲಲ್ಲಿ ಒಣಗಿದ ಬಟ್ಟೆ ವಾಸನೆ ಹೇಗಿರುತ್ತೆ ಅಂತಾನೇ ಮರ್ತೋಗಿದೆ ನಂಗೆ. ತಂಗಿ ಮನೆಗೆ ಹೋಗಿ ಅವಳ ಟವಲ್ ಮೂಸಿ ಬರ್ತೀನಿ. ಈ ಸಲನೂ ಸೋತು ಬಂದ್ರೆ ನಾನು ಅವರ ಬಾಲ್ಕನೀಲೇ ಹೋಗಿ ಕೂತ್ಕೋತೀನಿ, ನೋಡ್ತಿರಿ."

ತನ್ನ ಹೆಂಡತಿ ಚಿಕ್ಕಳಿಯನ ಬಾಲ್ಕನಿಯಲ್ಲಿ ಕೂತಿರುವ ದೃಶ್ಯ ಕಣ್ಣಿಗೆ ಕಟ್ಟಿ ದೊಡ್ಡಳಿಯನಿಗೆ ಅನ್ನ ಇಳಿಯಲಿಲ್ಲ.

ಮಾರನೆಯ ದಿನ ಅಂಗಡಿಗೆ ಲೆಕ್ಕದ ಮೇಡಂ ಬಂದರು. ಎರಡು ಬೀದಿ ಆಚೆ ಒಂದೇ ಕೋಣೆಯಲ್ಲಿ ವಾಸವಾಗಿದ್ದು, ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದರು. ಅವರ ಕನ್ನಡಕದ ಕಾಲು ಸಡಿಲವಾಗಿತ್ತು. ದೊಡ್ಡಳಿಯ ಸ್ಕ್ರೂ ಬಿಗಿ ಮಾಡುತ್ತಾ, ಏನೋ ನೆನಪಾದವನಂತೆ ಕೇಳಿದ:

"ಮೇಡಂ, ಒಬ್ಬ ಮನುಷ್ಯ ಸತತವಾಗಿ ಐದು ಟಾಸ್ ಸೋಲೋಕಾಗುತ್ತಾ? ನನ್ನ ಸ್ನೇಹಿತನ ವಿಷಯ ಇದು."

"ನಿಮ್ಮ ಸ್ನೇಹಿತರು ಕನ್ನಡಕದ ಅಂಗಡೀಲಿ ಕೆಲಸ ಮಾಡ್ತಾರಾ?"

"ಇಲ್ಲ ಇಲ್ಲ. ಅವನು ಬೇರೆ ಕಡೆ. ಹೀಗೆ, ಕನ್ನಡಕದ ಪಕ್ಕದಲ್ಲಿ."

ಮೇಡಂ ನಗಲಿಲ್ಲ. ಲೆಕ್ಕ ಕೇಳುವ ಜನ ಸಿಗುವುದೇ ಅಪರೂಪ. "ಒಂದು ಸಲ ಸೋಲೋ ಸಂಭವ ಅರ್ಧ. ಬೆನ್ನುಬೆನ್ನಿಗೆ ಎರಡು ಸಲ ಸೋಲೋದು ಅರ್ಧದಲ್ಲಿ ಅರ್ಧ, ಅಂದ್ರೆ ಕಾಲು. ಹಾಗೇ ಗುಣಿಸ್ತಾ ಹೋಗಿ. ಐದಕ್ಕೆ ಐದೂ ಸೋಲೋದು ಮೂವತ್ತೆರಡರಲ್ಲಿ ಒಂದು."

"ಅಬ್ಬಾ! ಆರನೇದನ್ನೂ ಸೋತ್ರೆ?"

"ಆರಕ್ಕೆ ಆರೂ ಸೋಲೋದು ಅರವತ್ನಾಲ್ಕರಲ್ಲಿ ಒಂದು. ಆದ್ರೆ ಗಮನ ಇಟ್ಟು ಕೇಳಿ..."

ಅಷ್ಟರಲ್ಲಿ ಅಂಗಡಿಯ ಮಾಲೀಕ ಒಳಗಡೆ ಗಾಜು ಉಜ್ಜುವ ಯಂತ್ರ ಚಾಲೂ ಮಾಡಿದ. ಆ ಯಂತ್ರ ಶುರುವಾದರೆ ಪಕ್ಕದ ಮೂರು ಅಂಗಡಿಯವರು ಫೋನ್ ಎತ್ತುತ್ತಿರಲಿಲ್ಲ. ಮೇಡಂ ಬೆರಳೆತ್ತಿ, ತಲೆಯಾಡಿಸಿ, ಬಹಳ ಹೊತ್ತು ಏನೋ ವಿವರಿಸಿದರು. ದೊಡ್ಡಳಿಯ ಗೌರವದಿಂದ ಹೂಂಗುಟ್ಟಿದ. ಅವರು ಹೇಳಿದ್ದು ಇಷ್ಟು: ಆಗಿಹೋದ ಐದು ಟಾಸ್ ಆಗಿಹೋದವು, ನಾಣ್ಯಕ್ಕೆ ನೆನಪಿನ ಶಕ್ತಿ ಇಲ್ಲ, ಆರನೆಯ ಸಲವೂ ಗೆಲ್ಲುವ ಸಂಭವ ಅರ್ಧವೇ, ಕೂದಲೆಳೆಯಷ್ಟೂ ಜಾಸ್ತಿ ಇಲ್ಲ. ಯಂತ್ರ ನಿಂತಿತು.

"ಅರ್ಥ ಆಯ್ತಾ?"

"ತುಂಬಾ ಚೆನ್ನಾಗಿ ಆಯ್ತು ಮೇಡಂ."

ದೊಡ್ಡಳಿಯ ಮನೆಗೆ ಹಾರಿಕೊಂಡೇ ಬಂದ. ಹೆಂಡತಿಯನ್ನು ಕೂರಿಸಿ, ಗಣಿತ ಗೊತ್ತಿರುವವನ ದನಿಯಲ್ಲಿ ಹೇಳಿದ: "ನಾವು ಸೋಲೋಕೆ ಇರೋದು ಅರವತ್ನಾಲ್ಕರಲ್ಲಿ ಒಂದೇ ಒಂದು ಪಾಲು. ಉಳಿದ ಅರವತ್ಮೂರೂ ನಮ್ಮದೇ. ಇದಕ್ಕೆ ಸಂಭವನೀಯತೆ ಅಂತಾರೆ."

"ಅಂದ್ರೆ ಇಷ್ಟು ದಿನ ಸೋತಿದ್ದು ಒಳ್ಳೇದೇ ಆಯ್ತು ಅಂತೀರಾ?"

"ಕೂಡಿಟ್ಟ ಹಾಗೆ ಕಣೇ! ಒಂದೊಂದು ಸೋಲೂ ಒಂದೊಂದು ಆಸ್ತಿ!"

ಆದರೆ ಆ ಉಳಿದ ಒಂದು ಪಾಲು ಅವನನ್ನು ಕಾಡಿತು. ಆ ಒಂದು ಪಾಲಿನಲ್ಲಿ ಚಿಕ್ಕಳಿಯ ಬಾಲ್ಕನಿಯ ಕಟ್ಟೆಗೆ ಮೊಣಕೈ ಊರಿ ನಿಂತಿದ್ದ, ಕಾಫಿ ಕುಡಿಯುತ್ತಿದ್ದ, ಕೆಳಗೆ ನೋಡಿ "ಏನಣ್ಣಾ, ಚೆನ್ನಾಗಿದೀರಾ?" ಎನ್ನುತ್ತಿದ್ದ. ಇದನ್ನು ನಿವಾರಿಸಲು ದೊಡ್ಡಳಿಯ ಒಂದು ಉಪಾಯ ಕಂಡುಕೊಂಡ. ಭಾನುವಾರದೊಳಗೆ ಇನ್ನಷ್ಟು ಸಣ್ಣಪುಟ್ಟ ಟಾಸ್ ಸೋತು ಬಿಡುವುದು. ಸೋಲು ಹೆಚ್ಚಿದಷ್ಟೂ ಗೆಲುವು ಗಟ್ಟಿ. ಸೋಲುವುದರಲ್ಲಿ ತನಗಿರುವ ಅನುಭವ ಊರಿನಲ್ಲಿ ಯಾರಿಗಿದೆ ಎಂದು ಅವನಿಗೆ ಹೆಮ್ಮೆಯೂ ಆಯಿತು.

ಮೊದಲು ಕ್ಷೌರದ ಅಂಗಡಿಗೆ ಹೋದ. ಅಲ್ಲೊಬ್ಬ ಗಿರಾಕಿ ತನ್ನ ಸರದಿಗೆ ಕಾಯುತ್ತಾ ಕೂತಿದ್ದ.

"ಯಾರು ಮೊದಲು ಅಂತ ಟಾಸ್ ಹಾಕೋಣ. ಹೆಡ್ ಬಿದ್ರೆ ನಾನು," ಎಂದ ದೊಡ್ಡಳಿಯ.

"ನಾನು ಆಗಲೇ ಬಂದಿದೀನಲ್ರೀ," ಎಂದ ಗಿರಾಕಿ.

"ಹೆದರಬೇಡಿ, ನೀವೇ ಗೆಲ್ತೀರಿ. ಇದರಲ್ಲಿ ಲೆಕ್ಕ ಇದೆ."

ಕ್ಷೌರಿಕ ನಾಣ್ಯ ಚಿಮ್ಮಿದ. ಹೆಡ್ ಬಿತ್ತು. ಗಿರಾಕಿ ಗೊಣಗುತ್ತಾ ಎದ್ದು ಜಾಗ ಬಿಟ್ಟ. ದೊಡ್ಡಳಿಯ ಕುರ್ಚಿಯಲ್ಲಿ ಕೂತು ಕನ್ನಡಿಯಲ್ಲಿ ತನ್ನ ಮುಖವನ್ನೇ ದುರುಗುಟ್ಟಿ ನೋಡಿದ. "ಏನ್ ಸ್ವಾಮಿ, ಗೆದ್ದು ಹೀಗೆ ಮುಖ ಮಾಡ್ಕೊಂಡಿದೀರಿ?" ಎಂದು ಕ್ಷೌರಿಕ ಕೇಳಿದಾಗ, "ಮನೆ ಹಾಳಾಗ್ತಿದೆ ಕಣಯ್ಯಾ," ಎಂದುಬಿಟ್ಟ.

ಔಷಧಿ ಅಂಗಡಿಯ ಸಾಲಿನಲ್ಲೂ ಹಾಗೇ ಆಯಿತು. ಮುಂದೆ ನಿಂತಿದ್ದ ಕೆಮ್ಮಿನ ಮುದುಕರನ್ನು ಒತ್ತಾಯ ಮಾಡಿ ಟಾಸಿಗೆ ಎಳೆದು, ಗೆದ್ದ. ಮುದುಕರು ಕೆಮ್ಮುತ್ತಾ ಹಿಂದೆ ಸರಿದರು. ಸಾಲಿನಲ್ಲಿದ್ದವರೆಲ್ಲ ಅವನನ್ನು ನೋಡಿದ ನೋಟ ಹೇಳುವಂತಿರಲಿಲ್ಲ. "ನಂಗೆ ಬೇಡ, ನಂಗೆ ಬೇಡ, ನೀವೇ ಹೋಗಿ!" ಎಂದು ಅವನು ಅವರನ್ನು ಮತ್ತೆ ಮುಂದಕ್ಕೆ ತಳ್ಳಿದ. ಬಿಟ್ಟುಕೊಟ್ಟರೂ ಗೆಲುವು ಗೆಲುವೇ. ಲೆಕ್ಕಕ್ಕೆ ಬಂದುಬಿಟ್ಟಿತ್ತು.

ಸಂಜೆ ಬೀದಿಯ ನಿವಾಸಿಗಳ ಸಂಘದ ಸಭೆ. ಬೀದಿಗೆಲ್ಲ ನೀರು ಕೊಡುವ ದೊಡ್ಡ ಟ್ಯಾಂಕನ್ನು ತೊಳೆಸುವ ಸಮಿತಿಗೆ ಅಧ್ಯಕ್ಷರು ಬೇಕಾಗಿತ್ತು. ಅಂಥ ಹುದ್ದೆಯನ್ನು ಬುದ್ಧಿ ನೆಟ್ಟಗಿರುವವರು ಯಾರೂ ಒಪ್ಪುವುದಿಲ್ಲ. ಕಾರ್ಯದರ್ಶಿಗಳು ಎಲ್ಲರ ಮುಖ ನೋಡಿದರು, ಎಲ್ಲರೂ ಸೂರು ನೋಡಿದರು. ದೊಡ್ಡಳಿಯನಿಗೆ ಮೈ ಜುಮ್ಮೆಂದಿತು. ಇಲ್ಲಿ ಸೋತರೆ ಎರಡು ಲಾಭ. ಅವನು ಎದ್ದು ನಿಂತ.

"ನನಗೂ ಕಾರ್ಯದರ್ಶಿಗಳಿಗೂ ಟಾಸ್ ಆಗಲಿ. ಹೆಡ್ ಬಿದ್ರೆ ನಾನು ಅಧ್ಯಕ್ಷ."

ಹೆಡ್ ಬಿತ್ತು. ಚಪ್ಪಾಳೆ ಬಿತ್ತು. ಟ್ಯಾಂಕಿನ ಕೀಲಿಕೈಯೂ ಒಂದು ಉದ್ದನೆಯ ಬ್ರಷ್ಷೂ ಅವನ ಕೈಗೆ ಬಂದವು.

"ಇದು ಅನ್ಯಾಯ! ನಾನು ಸೋಲಬೇಕಿತ್ತು!" ಎಂದು ಅವನು ಕೂಗಿದ.

"ನೋಡಿ, ಎಂಥ ವಿನಯ!" ಎಂದರು ಕಾರ್ಯದರ್ಶಿಗಳು, ಕಣ್ಣೊರೆಸಿಕೊಂಡು.

ಅಲ್ಲಿಂದ ಅವನ ಕೀರ್ತಿ ಹಬ್ಬಿತು. ಕನ್ನಡಕದವರ ಬಾಯಿಂದ ಹೆಡ್ ಅಂತ ಬಂದರೆ ಹೆಡ್ಡೇ ಬೀಳುತ್ತದಂತೆ ಎಂದು ಕ್ಷೌರದ ಅಂಗಡಿಯಲ್ಲಿ ಮಾತು ಶುರುವಾಗಿ ಮಾರನೆಯ ಸಂಜೆಯೊಳಗೆ ಬೀದಿಯ ತುದಿ ಮುಟ್ಟಿತು. ಒಬ್ಬ ಹೆಂಗಸು ಇಬ್ಬರು ಹಲ್ಲಿನ ಡಾಕ್ಟರಲ್ಲಿ ಯಾರ ಹತ್ತಿರ ಹೋಗಲಿ ಎಂದು ಕೇಳಲು, ಊದಿದ ಕೆನ್ನೆ ಹಿಡಿದುಕೊಂಡು ಅಂಗಡಿಗೇ ಬಂದಳು. "ಒಂದ್ಸಲ ಕರೀರಿ ಅಣ್ಣಾ, ಹೆಡ್ ಅಂದ್ರೆ ಪಕ್ಕದ ಬೀದಿಯವರು." ಅವನು ಬೇಡ ಬೇಡ ಎಂದರೂ ಬಾಯಿ ಜಾರಿ ಹೆಡ್ ಎಂದ. ಬಿತ್ತು. ಅಲ್ಲಿಗೆ ಸತತ ನಾಲ್ಕು ಗೆಲುವು. ಕೂಡಿಟ್ಟ ಐದು ಸೋಲಿನ ಆಸ್ತಿ ಕರಗಿಹೋಗಿ ಈಗ ಉಲ್ಟಾ ಬಾಕಿ ಶುರುವಾಗಿತ್ತು. ಭಾನುವಾರದ್ದೂ ಸೇರಿ ಐದಕ್ಕೆ ಐದೂ ಗೆಲ್ಲುವುದು ಮೂವತ್ತೆರಡರಲ್ಲಿ ಒಂದು ಎಂದು ಅವನೇ ಗುಣಿಸಿ ನೋಡಿ ತಣ್ಣಗಾದ.

ಇತ್ತ ಚಿಕ್ಕಳಿಯನಿಗೂ ನ್ಯಾಯದ ಕಾಳಜಿ ಹುಟ್ಟಿತು. ಅವನು ಯಾವ ಕಟ್ಟಡದ ಲಿಫ್ಟಿಗೆ ಹೋದರೂ ಜನ, "ನೀವು ಆ ಅದೃಷ್ಟದ ಕನ್ನಡಕದವರ ಷಡ್ಡಕರಂತಲ್ಲ?" ಎಂದು ಕೇಳುತ್ತಿದ್ದರು. ಇಷ್ಟು ಕಾಲ ಗೆದ್ದವನು ತಾನು, ಹೆಸರು ಮಾತ್ರ ಅವನಿಗೆ. ಮೂರನೆಯ ಸಲ ಆ ಪ್ರಶ್ನೆ ಕೇಳಿಸಿಕೊಂಡ ಮೇಲೆ ಅವನು ಸ್ಪ್ಯಾನರ್ ಕೆಳಗಿಟ್ಟು ನೇರವಾಗಿ ಕನ್ನಡಕದ ಅಂಗಡಿಗೆ ಬಂದ.

"ಕಣ್ಣು ಟೆಸ್ಟ್ ಮಾಡಿ ಅಣ್ಣ. ಯಾಕೋ ಮಂಜು ಮಂಜು."

ದೊಡ್ಡಳಿಯನಿಗೆ ಒಳಗೊಳಗೇ ಹಿತವಾಯಿತು. ಅವನನ್ನು ಕೂರಿಸಿ, ಗೋಡೆಯ ಅಕ್ಷರಗಳನ್ನು ಓದಲು ಹೇಳಿದ. ಚಿಕ್ಕಳಿಯ ಮೇಲಿನಿಂದ ಕೆಳಗಿನವರೆಗೆ ಗಟಗಟನೆ ಓದಿ, ಕೊನೆಯ ಸಾಲನ್ನೂ ದಾಟಿ, ಹಲಗೆಯ ಮೂಲೆಯಲ್ಲಿ ಇರುವೆಗಾತ್ರದಲ್ಲಿದ್ದ ಅಚ್ಚು ಹಾಕಿದವರ ವಿಳಾಸವನ್ನೂ ಓದಿಬಿಟ್ಟ. ಅಲ್ಲೊಂದು ವಿಳಾಸವಿದೆ ಎಂದು ಅಷ್ಟು ವರ್ಷ ಅಲ್ಲೇ ಕೆಲಸ ಮಾಡಿದ ದೊಡ್ಡಳಿಯನಿಗೆ ಗೊತ್ತಿರಲಿಲ್ಲ. ಇವನಿಗೆ ಕಣ್ಣೂ ಬೇರೆ ಚೆನ್ನಾಗಿದೆ ಎಂದು ಅವನ ಹೊಟ್ಟೆ ಮತ್ತೊಮ್ಮೆ ಉರಿಯಿತು.

"ನಿಂಗೆ ಏನೂ ಆಗಿಲ್ಲ," ಎಂದ ಕಹಿಯಾಗಿ.

"ನಂಗಲ್ಲ ಅಣ್ಣ, ಏನೋ ಆಗಿರೋದು ನಿಮಗೆ. ಬರೀ ಗೆಲ್ತಿದೀರಂತೆ. ಏನ್ ಮಾಡ್ಸಿದೀರಿ?"

"ನಾನಾ? ನನ್ನ ಕಷ್ಟ ನಿಂಗೇನು ಗೊತ್ತು? ಗೆದ್ದು ಗೆದ್ದು ಸಾಕಾಗಿದೆ ನಂಗೆ!"

ಇದಕ್ಕಿಂತ ದೊಡ್ಡ ಜಂಬದ ಮಾತನ್ನು ಚಿಕ್ಕಳಿಯ ತನ್ನ ಜನ್ಮದಲ್ಲಿ ಕೇಳಿರಲಿಲ್ಲ. ಅವನು ಅಲ್ಲಿಂದಲೇ ಮಾವನ ಹತ್ತಿರ ಹೋಗಿ, "ಒಂದೇ ಟಾಸಿಗೆ ನಾನು ಒಪ್ಪಲ್ಲ, ಅಣ್ಣನ ಗ್ರಹಗತಿ ಜೋರಾಗಿದೆ," ಎಂದ. ಸ್ವಲ್ಪ ಹೊತ್ತಿಗೆ ದೊಡ್ಡಳಿಯ ಹೋಗಿ, "ಒಂದೇ ಟಾಸಿಗೆ ನಾನು ಒಪ್ಪಲ್ಲ, ನನ್ನ ಗೆಲುವೆಲ್ಲ ಖರ್ಚಾಗಿದೆ," ಎಂದ. ಎಂದೂ ಒಮ್ಮತಕ್ಕೆ ಬಾರದ ಅಳಿಯಂದಿರು ಒಂದೇ ಮಾತು ಹೇಳಿದ್ದನ್ನು ಕಂಡು ಮಾವ ಗಾಬರಿಯಾಗಿ, ಮೂರು ಟಾಸ್ ಎಂದು ಘೋಷಿಸಿದರು. ನಿಯಮ ಏನು ಎಂಬುದನ್ನು ಭಾನುವಾರ ಅಂಗಳದಲ್ಲೇ ಗೊತ್ತು ಮಾಡುವುದು.

ದೊಡ್ಡಳಿಯ ಲೆಕ್ಕದ ಮೇಡಂ ಕೋಣೆಗೆ ಓಡಿದ. ಅವರು ಬಾಗಿಲು ತೆಗೆದು, ಇದ್ದ ಒಂದೇ ಕುರ್ಚಿಯನ್ನು ಅವನಿಗೆ ಕೊಟ್ಟು, ಪುಸ್ತಕದ ರಾಶಿಯ ಮೇಲೆ ತಾವು ಕೂತರು.

"ಮೂರು ಟಾಸಲ್ಲಿ ಒಂದಾದ್ರೂ ಹೆಡ್ ಬೀಳೋ ಸಂಭವ ಎಷ್ಟು ಮೇಡಂ?"

"ಅದು ಸುಲಭ. ಒಂದೂ ಹೆಡ್ ಬೀಳದೇ ಇರಬೇಕು ಅಂದ್ರೆ ಮೂರೂ ಟೇಲ್ ಆಗಬೇಕು. ಅರ್ಧ, ಅದರರ್ಧ, ಅದರರ್ಧ. ಎಂಟರಲ್ಲಿ ಒಂದು. ಉಳಿದ ಏಳರಲ್ಲೂ ಒಂದಾದ್ರೂ ಹೆಡ್ ಇದ್ದೇ ಇರುತ್ತೆ."

"ಎಂಟರಲ್ಲಿ ಏಳು!" ದೊಡ್ಡಳಿಯ ಕುರ್ಚಿಯಿಂದ ಎದ್ದೇಬಿಟ್ಟ.

"ಆದ್ರೆ ಆ ಐದು ಸೋಲಿನ ವಿಷಯ ನೀವು ಸರಿಯಾಗಿ..." ಎಂದು ಮೇಡಂ ಹೇಳುವಷ್ಟರಲ್ಲಿ ಅವನು ಬೀದಿಯ ತಿರುವಿನಲ್ಲಿದ್ದ. ಇವನು ಏನೋ ಅನಾಹುತ ಮಾಡಿಕೊಳ್ಳುತ್ತಾನೆ ಎಂದು ಮೇಡಂಗೆ ಖಾತ್ರಿಯಾಯಿತು. ಭಾನುವಾರ ಅವರೂ ಅಂಗಳಕ್ಕೆ ಬಂದರು.

ಅಂಗಳ ತುಂಬಿತ್ತು. ಕ್ಷೌರಿಕ ಅಂಗಡಿ ಮುಚ್ಚಿ ಬಂದಿದ್ದ. ಹಲ್ಲುನೋವಿನ ಹೆಂಗಸು ಕೆನ್ನೆ ಇಳಿದು ಲಕ್ಷಣವಾಗಿ ಬಂದಿದ್ದಳು. ಕಾರ್ಯದರ್ಶಿಗಳು ಟ್ಯಾಂಕ್ ಯಾವಾಗ ತೊಳೆಸುತ್ತೀರಿ ಎಂದು ಕೇಳಲು ಬಂದು ಹಾಗೇ ನಿಂತರು. ಮಾವ ಹಳೇ ಕರಿ ಅಂಗಿ ಹಾಕಿ ಸೀಟಿ ಊದಿದರು. ದೊಡ್ಡಳಿಯ ಮುಂದೆ ಬಂದು, ಮನೆಯಲ್ಲಿ ಅಭ್ಯಾಸ ಮಾಡಿದ್ದ ವಿನಯದಿಂದ ಕೈಕಟ್ಟಿ ನಿಂತ.

"ಮಾವಾ, ನನಗೆ ಜಾಸ್ತಿ ಆಸೆ ಇಲ್ಲ. ಮೂರರಲ್ಲಿ ಒಂದೇ ಒಂದು ಹೆಡ್ ಬಿದ್ರೂ ಸಾಕು. ನಾನು ಗೆದ್ದೆ ಅಂತ ತೃಪ್ತಿಪಡ್ತೀನಿ."

"ಪಾಪ, ಒಂದೇ ಕೇಳ್ತಿದಾನೆ," ಎಂದರು ಅತ್ತೆ. ಜನ ಕೂಡ ಪಾಪ ಎಂದಿತು. ಚಿಕ್ಕಳಿಯನಿಗೆ ಇದು ತಡೆಯಲಾಗಲಿಲ್ಲ. ಎಲ್ಲರ ಮುಂದೆ ಆಸೆಯಿಲ್ಲದವನು ಎಂಬ ಹೆಸರನ್ನೂ ಈತನೇ ಹೊಡೆದುಕೊಳ್ಳುವುದೇ?

"ಅವರಿಗೆ ಒಂದು ಸಾಕಾದ್ರೆ ನಂಗೂ ಒಂದೇ ಸಾಕು! ಮೂರರಲ್ಲಿ ಒಂದೇ ಒಂದು ಟೇಲ್ ಬಿದ್ರೂ ನಾನು ಗೆದ್ದೆ. ನಂಗೇನು ಜಾಸ್ತಿ ಆಸೆ ಇದೆಯಾ?"

"ಸಮ ಸಮ," ಎಂದರು ಮಾವ ಸಂತೋಷದಿಂದ. "ಇಬ್ರಿಗೂ ಒಂದೇ ನಿಯಮ. ನನ್ನ ಸರ್ವೀಸಲ್ಲಿ ಇಷ್ಟು ನ್ಯಾಯವಾದ ನಿಯಮ ಕೇಳಿಲ್ಲ."

"ಒಂದು ನಿಮಿಷ!" ಎಂದು ಲೆಕ್ಕದ ಮೇಡಂ ಕೈಯೆತ್ತಿದರು. "ಈ ಎರಡೂ ಒಟ್ಟಿಗೆ..."

ಫುರ್ ಎಂದು ಸೀಟಿ. "ಪ್ರೇಕ್ಷಕರು ಗೆರೆಯಿಂದ ಆಚೆ!"

"ಸ್ವಾಮಿ, ಎಂಟರಲ್ಲಿ ಆರು ಸಲ..."

ಮತ್ತೆ ಸೀಟಿ. ಮಾವ ಜೇಬಿನಿಂದ ಹಳದಿ ಕಾರ್ಡ್ ತೆಗೆದು ಮೇಡಂಗೆ ತೋರಿಸಿದರು. ಇಪ್ಪತ್ತು ವರ್ಷ ಪಾಠ ಹೇಳಿದ ಮೇಡಂಗೆ ಕ್ಲಾಸಿನಿಂದಲೇ ಹೊರಗೆ ಹಾಕಿಸಿಕೊಂಡ ಹಾಗಾಯಿತು. ಅವರು ಕೈಕಟ್ಟಿ ಗೋಡೆಗೊರಗಿ ನಿಂತರು. ಇನ್ನು ಅನುಭವಿಸಿ ಎಂಬಂತಿತ್ತು ಅವರ ಮುಖ.

ಮೊದಲ ನಾಣ್ಯ ಮೇಲೆ ಹೋಯಿತು, ಕೆಳಗೆ ಬಂತು. ಹೆಡ್.

"ಗೆದ್ದೆ!" ಎಂದು ದೊಡ್ಡಳಿಯ ನೆಗೆದ. ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಯೊಳಗೆ ಓಡಿ ಒಂದು ಬಿಂದಿಗೆ ಹಿಡಿದು ಹೊರಗೆ ಬಂದಳು.

"ಮೂರೂ ಮುಗೀಲಿ!" ಎಂದರು ಮಾವ. ಎರಡನೆಯದೂ ಹೆಡ್. ಚಿಕ್ಕಳಿಯನ ಮುಖ ಬೂದಿಯಾಯಿತು. ದೊಡ್ಡಳಿಯ ಅವನನ್ನು ನೋಡಿ, ಜೀವಮಾನದಲ್ಲೇ ಮೊದಲ ಸಲ, "ಬೇಜಾರು ಮಾಡ್ಕೋಬೇಡ ತಮ್ಮಾ," ಎಂದು ಬೆನ್ನು ತಟ್ಟಿದ. ಅಷ್ಟು ಸುಖವನ್ನು ಅವನು ಮದುವೆಯ ದಿನವೂ ಕಂಡಿರಲಿಲ್ಲ.

ಮೂರನೆಯದು ಟೇಲ್.

"ನಾನೂ ಗೆದ್ದೆ!" ಎಂದು ಚಿಕ್ಕಳಿಯ ಕಿರುಚಿದ. ಅವನ ಹೆಂಡತಿ ಆಗಲೇ ಹಾಸಿಗೆ ಸುರುಳಿ ಹೊತ್ತು ಮೆಟ್ಟಿಲ ಬುಡದಲ್ಲಿದ್ದಳು.

ಮುಂದಿನದು ಯಾರಿಗೂ ಸರಿಯಾಗಿ ನೆನಪಿಲ್ಲ. ಮಹಡಿಯ ಮೆಟ್ಟಿಲು ಒಬ್ಬರು ಹತ್ತುವಷ್ಟೇ ಅಗಲ. ಅದರಲ್ಲಿ ಇಬ್ಬರು ಅಳಿಯಂದಿರು, ಎರಡು ಹಾಸಿಗೆ, ಒಂದು ಆರಾಮಕುರ್ಚಿ, ಹಿಂದೆ ಬಿಂದಿಗೆ ಹಿಡಿದ ಅಕ್ಕ, ದಿಂಬು ಹಿಡಿದ ತಂಗಿ. ಅರ್ಧ ದಾರಿಯಲ್ಲಿ ಎಲ್ಲವೂ ಗಟ್ಟಿಯಾಗಿ ಸಿಕ್ಕಿಹಾಕಿಕೊಂಡಿತು. "ನೀನು ಇಳಿ!" "ನೀವು ಇಳೀರಿ!" "ಗೆದ್ದಿರೋದು ನಾನು!" "ನಾನೇನು ಸೋತಿದೀನಾ?" ಕಾರ್ಯದರ್ಶಿಗಳು ಕೆಳಗಿನಿಂದ, ಅಂಗಳದ ಮೂಲೆಯಲ್ಲಿದ್ದ ಟ್ಯಾಂಕಿನ ಬ್ರಷ್ಷಿನ ಹಿಡಿಯಿಂದ ಹಾಸಿಗೆಯನ್ನು ತಿವಿದು ದಾರಿ ಮಾಡಲು ಯತ್ನಿಸಿ, ದೊಡ್ಡಳಿಯನ ಬೆನ್ನಿಗೆ ಚುಚ್ಚಿದರು. ಮಾವ ಊದಿದ ಸೀಟಿಯ ಒಳಗಿನ ಗೋಲಿ ಹಾರಿ ಹೋಯಿತು. ಸೀಟಿ ನಿಂತ ಆ ಮೌನದಲ್ಲಿ ಲೆಕ್ಕದ ಮೇಡಂ ಮಾತಾಡಿದರು.

"ಮೂರು ಟಾಸಿಗೆ ಎಂಟು ತರದ ಫಲಿತಾಂಶ. ಮೂರೂ ಹೆಡ್ ಬಿದ್ರೆ ದೊಡ್ಡವರು ಮಾತ್ರ ಗೆಲ್ತಾರೆ. ಮೂರೂ ಟೇಲ್ ಬಿದ್ರೆ ಚಿಕ್ಕವರು ಮಾತ್ರ. ಉಳಿದ ಆರರಲ್ಲೂ ಇಬ್ರೂ ಗೆಲ್ತಾರೆ. ನಾಲ್ಕರಲ್ಲಿ ಮೂರು ಪಾಲು ಹೀಗೇ ಆಗುತ್ತೆ ಅಂತ ಹೇಳೋಕೇ ಬಂದೆ. ಕಾರ್ಡ್ ಕೊಟ್ರಿ."

ಹಾಸಿಗೆಯ ಹಿಂದಿನಿಂದ ದೊಡ್ಡಳಿಯನ ದನಿ ಬಂತು: "ಹಾಗಾದ್ರೆ ಮತ್ತೆ ಹಾಕಿ ಮಾವಾ!"

"ಹಾಕಲ್ಲ," ಎಂದರು ಮಾವ. ಮುಖ ಕೆಂಪಾಗಿತ್ತು, ಆದರೆ ಎದೆ ಉಬ್ಬಿಯೇ ಇತ್ತು. "ತೀರ್ಪು ಕೊಟ್ಟ ಮೇಲೆ ಬದಲಾಯಿಸಿದವನಲ್ಲ ನಾನು. ನಿಯಮ ನೀವೇ ಹೇಳಿದ್ರಿ. ಇಬ್ರೂ ಗೆದ್ದಿದೀರಿ. ಇಬ್ರೂ ಮೇಲೇ ಇರಿ."

"ನಾಲ್ಕು ಕೋಣೆ, ಸಂಸಾರಕ್ಕೆ ಎರಡೆರಡು," ಎಂದಳು ತಂಗಿ ದಿಂಬಿನ ಸಂದಿಯಿಂದ.

"ಬಟ್ಟೆ ಒಣಹಾಕೋ ಹಗ್ಗ ಒಂದೇ ಸಾಕು," ಎಂದಳು ಅಕ್ಕ. "ನೀನು ಬೆಳಿಗ್ಗೆ ಹಾಕು, ನಾನು ಮಧ್ಯಾಹ್ನ ಹಾಕ್ತೀನಿ."

ಅಕ್ಕತಂಗಿಯರು ಗಂಡಂದಿರನ್ನು ಅಲ್ಲೇ ಬಿಟ್ಟು, ಹಾಸಿಗೆಯ ಮೇಲಿಂದಲೇ ಹತ್ತಿ ಹೋದರು.

ಹೀಗೆ ಎರಡೂ ಸಂಸಾರ ಮೇಲೆ ಸೇರಿತು. ಬಾಲ್ಕನಿಯ ನಡುವೆ ದೊಡ್ಡಳಿಯ ಸೀಮೆಸುಣ್ಣದಲ್ಲಿ ಗೆರೆ ಎಳೆದ. ತನ್ನ ಭಾಗ ನಾಲ್ಕು ಬೆರಳು ಕಿರಿದು ಎಂದು ಚಿಕ್ಕಳಿಯ ಅಳೆದು ತೋರಿಸಿದ. ಗೆರೆ ಅಳಿಸಿ ಮತ್ತೆ ಎಳೆದರು. ಹೆಂಡತಿಯರು ಗೆರೆಯ ಮೇಲೇ ಚಾಪೆ ಹಾಸಿಕೊಂಡು ಕೂತು ಹರಟೆ ಹೊಡೆದು ಅದನ್ನು ಪೂರ್ತಿ ಒರೆಸಿಹಾಕಿದರು.

ಕೆಳಗೆ ಖಾಲಿಯಾದ ಇಡೀ ನೆಲಮಹಡಿಯನ್ನು ಲೆಕ್ಕದ ಮೇಡಂ ಬಾಡಿಗೆಗೆ ಕೇಳಿದರು. ಹಳದಿ ಕಾರ್ಡಿನ ಪಾಪಪ್ರಜ್ಞೆಯಲ್ಲಿದ್ದ ಮಾವ ತಕ್ಷಣ ಒಪ್ಪಿದರು. ಬಂದ ಮೊದಲ ವಾರವೇ ಮೇಡಂ ಬಡಗಿಯನ್ನು ಕರೆಸಿ, ಎರಡು ಭಾಗಗಳ ನಡುವೆ ಅಳಿಯಂದಿರು ಹಲಗೆ ಹೊಡೆಸಿ ಮುಚ್ಚಿದ್ದ ಬಾಗಿಲನ್ನು ತೆಗೆಸಿದರು. ಬಲಗಡೆಯ ಬಿಸಿಲು ಆ ಬಾಗಿಲಿನಿಂದ ದಾಟಿ ಎಡಗಡೆಯ ಅಡುಗೆಮನೆಯವರೆಗೂ ಹೋಗಿ ಮಲಗಿತು. ಮೇಡಂ ಅಲ್ಲೇ ಒಂದು ಕುರ್ಚಿ ಹಾಕಿ, ಇನ್ನೊಂದರ ಮೇಲೆ ಕಾಲು ನೀಡಿ, ಓದುತ್ತಾ ಕೂತರು.

ಬಾಲ್ಕನಿಯ ಕಟ್ಟೆಯ ಮೇಲಿಂದ ಷಡ್ಡಕರಿಬ್ಬರೂ ಬಗ್ಗಿ, ತೆರೆದ ಕಿಟಕಿಯೊಳಗೆ ಕಾಣುವಷ್ಟನ್ನೂ ನೋಡಿದರು.

"ನೋಡಿದ್ಯಾ?" ಎಂದ ದೊಡ್ಡಳಿಯ.

"ನೋಡ್ದೆ ಅಣ್ಣ. ಇಡೀ ಮನೆ ಒಬ್ರಿಗೇ."

"ನಮ್ಮ ಅಡುಗೆಮನೇಲಿ ಅಷ್ಟು ಬಿಸಿಲು ಬರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

"ಅದು ನಿಮ್ಮ ಬಿಸಿಲಲ್ಲ ಅಣ್ಣ. ನಮ್ಮ ಕಡೆಯಿಂದ ಬರ್ತಿರೋದು."

ದೊಡ್ಡಳಿಯ ಒಂದು ಕ್ಷಣ ಯೋಚಿಸಿದ. "ಇರ್ಲಿ ಬಿಡು. ಈಗ ನಿಂಗೂ ಇಲ್ವಲ್ಲ."

"ಹೂಂ, ಅದೂ ನಿಜ," ಎಂದ ಚಿಕ್ಕಳಿಯ. ಒಳಗೆ ಹೋಗಿ ಇನ್ನೊಂದು ಕುರ್ಚಿ ತಂದು ತನ್ನ ಕುರ್ಚಿಯ ಪಕ್ಕದಲ್ಲಿ ಹಾಕಿ, "ಕೂತ್ಕೊಳಿ ಅಣ್ಣ, ಇಲ್ಲಿಂದ ಚೆನ್ನಾಗಿ ಕಾಣುತ್ತೆ," ಎಂದ.